ಅಳತೆಗೆ ಕೊಟ್ಟ ರವಿಕೆ

ಅದಿಯಮಾನ್‌ಕೋಟೆ
14 ಸೆಪ್ಟೆಂಬರ್ 2023

ಸಪ್ಪಲಕ್ಕನಿಗೆ ವಾಣಿ ಬರೆಯುವುದು.

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ‘ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ’ ಎಂದು ತಳಿ ಊರಿನ ಕನ್ನಡ ಶಾಲೆಯಲ್ಲಿ ಮೇಷ್ಟ್ರು ನಮ್ಮಿಬ್ಬರಿಗೂ ಹೇಳಿಕೊಟ್ಟ ಹಾಗೆ ಶುರು ಮಾಡಿದೆ. ಮೊದಲ ಸಾಲಿಗೇ ಸುಳ್ಳು ಬೇಡವೆಂದು ಹೊಡೆದುಹಾಕಿದೆ. ಮೇಲೆ ಕಾಣುವ ಗೀಚು ಅದೇ.

ಹೋದ ಭಾನುವಾರ ನಿನ್ನ ಮಗಳು ಕಾರ್ತಿಕಾ ಅಂಗಡಿಗೆ ಬಂದಿದ್ದಳು. ಧರ್ಮಪುರಿಯಲ್ಲಿ ಬಿ.ಎಡ್. ಓದುತ್ತಿದ್ದಾಳಂತೆ. ಬಾಗಿಲಲ್ಲಿ ನಿಂತಾಗ ನಿನ್ನ ತಂಗಿ ಮಾಲಾಳೇ ಬಂದಳು ಎನ್ನಿಸಿ ನನ್ನ ಕಾಲು ಮಿಷನ್ನಿನ ಮೇಲೆ ಹಾಗೇ ನಿಂತುಬಿಟ್ಟಿತು. ಅದೇ ಮೂಗು. ಹುಡುಗಿ ತಮಿಳಿನಲ್ಲಿ ಶುರು ಮಾಡಿದಳು, ನಾನು ಕನ್ನಡದಲ್ಲೇ ಕೇಳಿದೆ. “ಆಂಟಿ, ಅಮ್ಮನ್ ದೀಪಾವಳಿ ಸೀರೆ. ಅಳತೆ ಬ್ಲೌಸು ಒಳಗೈತೆ” ಎಂದಳು. ಚಿಕ್ಕಮ್ಮ ಎಂದು ತೊಡೆ ಮೇಲೆ ಕೂತಿದ್ದ ಮಗು. ಈಗ ಆಂಟಿ. ಇರಲಿ.

ಅಳತೆ ರವಿಕೆ ಕೈಗೆ ಬಂದರೆ ನಾನು ಮೊದಲು ಅದನ್ನು ಒಳಮಗ್ಗುಲು ತಿರುಗಿಸುತ್ತೇನೆ. ಹೊರಗಿನಿಂದ ನೋಡಿದರೆ ಅಳತೆ ಸಿಗುವುದಿಲ್ಲ. ಹೆಚ್ಚಿಗೆ ಬಿಟ್ಟ ಬಟ್ಟೆ, ಬಿಚ್ಚಿ ಹಿಗ್ಗಿಸಿದ ಜಾಗ, ಎರಡು ಸಲ ಹೊಡೆದ ಹೊಲಿಗೆ, ಎಲ್ಲ ಒಳಗೇ ಇರುತ್ತದೆ. ನಿನ್ನ ಆ ಹಸಿರು ರವಿಕೆಯ ಬಿಳಿ ಲೈನಿಂಗಿನಲ್ಲಿ, ಎಡಗಡೆ, ಮೊಲೆತೊಟ್ಟು ತಾಗುವ ಕಡೆ, ಒಂದು ರೂಪಾಯಿ ಅಗಲದ ಕಲೆ ಇದೆ. ನಡುವೆ ಕೆಂಪು, ಅಂಚಿಗೆ ಕಂದು. ಅದರ ಕೆಳಗೆ ತೊಳೆದು ಮಾಸಿದ ಹಳೆಯ ಕಲೆ, ಅದರ ಸುತ್ತ ಇನ್ನೂ ಹಳೆಯದು. ಬಲಗಡೆ ಏನೂ ಇಲ್ಲ.

ತೊಳೆಯದ ರವಿಕೆ ಕಳಿಸುವವಳಲ್ಲ ನೀನು. ಕಾರ್ತಿಕಾ ಅವಸರದಲ್ಲಿ ಒಗೆಯುವ ಬಟ್ಟೆಯೊಳಗಿಂದ ಎಳೆದುಕೊಂಡು ಬಂದಿರಬೇಕು. ನಾಲ್ಕು ದಿನ ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಒದ್ದಾಡಿದೆ. ಫೋನ್ ಮಾಡೋಣವೆಂದರೆ ನನ್ನ ನಂಬರ್ ಕಂಡರೆ ನೀನು ಎತ್ತುವುದಿಲ್ಲ. ಬೇರೆ ನಂಬರಿಂದ ಮಾಡಿದರೆ ನಿಮ್ಮ ಮನೆಯಲ್ಲಿ ಅತ್ತೆಗೂ ಕೇಳಲೆಂದು ಸ್ಪೀಕರಿಗೆ ಹಾಕುತ್ತಾರೆ. ಅದಕ್ಕೇ ಕಾಗದ. ನಿಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ನಮ್ಮ ಬೀದಿಯಲ್ಲೂ ಅಷ್ಟೆ. ಓದುವುದೆಲ್ಲ ತಮಿಳು. ಈ ಅಕ್ಷರ ಅಲ್ಲಿ ನಿನಗೊಬ್ಬಳಿಗೆ, ಇಲ್ಲಿ ನನಗೊಬ್ಬಳಿಗೆ. ಅದಕ್ಕೇ ಮೊಲೆ ಎಂದು ಧೈರ್ಯವಾಗಿ ಬರೆದಿದ್ದೇನೆ.

ರಕ್ತ ಯಾವಾಗಿನಿಂದ ಬರುತ್ತಿದೆ, ಅಕ್ಕ? ಯಾರಿಗೆ ತೋರಿಸಿದೆ?

ನೀನು ಬೈದರೂ ಸರಿ, ಬರೆ.

ವಾಣಿ


ಕೊಳತ್ತೂರು, ಮೇಟೂರು
27 ಸೆಪ್ಟೆಂಬರ್ 2023

ವಾಣಿಗೆ,

ಕಾಗದ ಬಂತು. ಅದು ತುಕ್ಕಿನ ಕಲೆ. ಸೇಫ್ಟಿ ಪಿನ್ನು ಚುಚ್ಚಿದ್ದೆ. ರವಿಕೆ ಕೊಟ್ಟಿದ್ದು ಅಳತೆ ನೋಡುವುದಕ್ಕೆ, ನನ್ನ ಒಳಗು ನೋಡುವುದಕ್ಕಲ್ಲ.

ಆರು ವರ್ಷದ ಕೆಳಗೆ ನೋಡಿದ್ದನ್ನು ಹೇಳಬೇಕಾಗಿತ್ತು, ಹೇಳಲಿಲ್ಲ. ಈಗ ಯಾರೂ ಕೇಳದೆ ಹೇಳುತ್ತೀಯ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ದೀಪಾವಳಿಗೆ ಮುಂಚೆ ರವಿಕೆ ಹೊಲಿದು ಕೊಡು. ತೋಳು ಮೊಣಕೈವರೆಗೆ. ಕಾರ್ತಿಕಾ ಬಂದು ತೆಗೆದುಕೊಳ್ಳುತ್ತಾಳೆ.

ಸಪ್ಪಲಮ್ಮ


ಅದಿಯಮಾನ್‌ಕೋಟೆ
2 ಅಕ್ಟೋಬರ್ 2023

ಅಕ್ಕ,

ಇಪ್ಪತ್ತಾರು ವರ್ಷ ಮಿಷನ್ ತುಳಿದವಳಿಗೆ ತುಕ್ಕು ಯಾವುದು, ರಕ್ತ ಯಾವುದು ಎಂದು ಹೇಳಿಕೊಡುತ್ತೀಯಾ? ಪಿನ್ನಿನ ತುಕ್ಕಾದರೆ ಎರಡು ತೂತು ಇರಬೇಕು. ದೀಪದ ಎದುರು ಹಿಡಿದು ನೋಡಿದೆ, ಒಂದೂ ಇಲ್ಲ. ತುಕ್ಕು ನಿಂಬೆಹಣ್ಣಿಗೆ ಹೋಗುತ್ತದೆ, ರಕ್ತ ತಣ್ಣೀರಿಗೆ ಬಿಡುತ್ತದೆ. ಕಲೆಯ ಒಂದು ಅಂಚನ್ನು ತಣ್ಣೀರಿನ ಲೋಟಕ್ಕೆ ಇಳಿಬಿಟ್ಟೆ. ನೀರು ಕೆಂಪಾಯಿತು. ಆ ಲೋಟ ಚೆಲ್ಲಲು ನನಗೆ ಕೈ ಬರಲಿಲ್ಲ.

ಮಾಲಾ ಮಾತಿಗೆ ಬರುತ್ತೇನೆ. ನೀನು ಒಂದು ಸಲವೂ ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಈಗ ಕಾಗದವನ್ನು ಹರಿದರೂ ಹರಿ, ಓದಿ ಹರಿ.

ಅವಳು ಆಷಾಢದಲ್ಲಿ, ಆಡಿ ತಿಂಗಳಲ್ಲಿ, ಬಂದಳು. “ವಾಣಕ್ಕಾ, ಎಡಗಡೆ ವಸಿ ಲೂಸಾಗಿ ಒಲಿ” ಎಂದಳು. ಟೇಪು ಹಿಡಿದಾಗ ಬೆರಳಿಗೆ ಸಿಕ್ಕಿತು, ನೆಲ್ಲಿಕಾಯಷ್ಟು. ನನ್ನ ಮುಖ ನೋಡಿದವಳೇ ಕೈ ಹಿಡಿದುಕೊಂಡಳು. “ಯಾರ್ಗೂ ಏಳ್ಬ್ಯಾಡ. ಅಕ್ಕನ್ಗಂತೂ ಏಳ್ಲೇಬ್ಯಾಡ. ಮಾದಪ್ಪನ್ ಮೇಲ್ ಆಣೆ” ಎಂದಳು. ತಾನೇ ಆಸ್ಪತ್ರೆಗೆ ಹೋಗುತ್ತೇನೆ ಎಂದಳು. ಪೊಂಗಲಿಗೆ ಬಂದಾಗ ಹೋದೆಯಾ ಎಂದರೆ ಹೋದೆ ಎಂದಳು. ನಂಬಿದೆ. ನಂಬುವುದು ಸುಲಭವಾಗಿತ್ತು, ಅದಕ್ಕೇ ನಂಬಿದೆ. ಮಾದಪ್ಪನಿಗೆ ಹೆದರಿ ಆಣೆ ಉಳಿಸಿಕೊಂಡೆ, ಅವಳನ್ನು ಉಳಿಸಿಕೊಳ್ಳಲಿಲ್ಲ. ಅವಳ ಹನ್ನೊಂದನೆಯ ದಿನದ ಕಾರ್ಯದಲ್ಲಿ ನೀನು ಎಲ್ಲರೆದುರು ಕೇಳಿದೆಯಲ್ಲ, “ಟೇಪ್ ಇಡಿಯೋ ಕೈಗೆ ಗೊತ್ತಿತ್ತಲ್ಲೇ, ಬಾಯಿಗ್ಯಾಕ್ ಬರ್ನಿಲ್ಲ?” ಎಂದು. ಆದರೆ ನೀನು ನನ್ನ ಕೈಯಿಂದ ಆಣೆ ಮಾಡಿಸಿಕೊಂಡಿಲ್ಲ. ಈ ಸಲ ನಾನು ಸುಮ್ಮನಿರುವುದಿಲ್ಲ.

ಇಲ್ಲಿ ಆಸ್ಪತ್ರೆಯ ನರ್ಸಮ್ಮ ಒಬ್ಬರು ನನ್ನ ಹತ್ತಿರ ಹೊಲಿಸುತ್ತಾರೆ. ಹೆಸರು ಹೇಳದೆ ಅವರನ್ನು ಕೇಳಿದೆ. ಎರಡೂ ಕಡೆಯಿಂದ, ಹಿಂಡಿದರೆ ಮಾತ್ರ, ಹಾಲಿನ ಹಾಗೆ ಬಂದರೆ ಅದಕ್ಕೆ ಬೇರೆ ಕಾರಣಗಳಿರುತ್ತವಂತೆ. ಯಾವುದೋ ಮಾತ್ರೆಯಿಂದಲೂ ಬರಬಹುದಂತೆ. ಒಂದೇ ಕಡೆ, ತಾನಾಗಿ, ರಕ್ತದ ಬಣ್ಣದಲ್ಲಿ ಬಂದರೆ ಮಾತ್ರ ತಡ ಮಾಡದೆ ತೋರಿಸಲೇಬೇಕಂತೆ. “ಆಗ್ಲೂ ಮುಕ್ಕಾಲು ಪಾಲು ಕ್ಯಾನ್ಸರಲ್ಲ. ಆದ್ರೆ ನೋಡ್ದೆ ಅಲ್ಲ ಅನ್ನಾಕಾಯ್ತದಾ?” ಎಂದರು.

ನಿನ್ನ ಸೀರೆ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಬೀಗ ಹಾಕಿದ್ದೇನೆ. ನೀನು ಡಾಕ್ಟರಿಗೆ ತೋರಿಸಿದೆ ಎಂದು ಬರೆಯುವ ತನಕ ಕತ್ತರಿ ಹಾಕುವುದಿಲ್ಲ. ದೀಪಾವಳಿಗೆ ಹಳೆಯದನ್ನೇ ಉಟ್ಟುಕೊಂಡು ನನ್ನನ್ನು ಬೈದುಕೊಂಡು ಓಡಾಡು.

ವಾಣಿ


ಕೊಳತ್ತೂರು
17 ಅಕ್ಟೋಬರ್ 2023

ವಾಣಿಗೆ,

ಸೀರೆಗಾಗಿ ಹೋದೆ ಎಂದುಕೋ.

ನಿಮ್ಮ ಭಾವನಿಗೆ ಹೇಳಬೇಕೆಂದು ಮೂರು ದಿನ ಮನಸ್ಸು ಗಟ್ಟಿ ಮಾಡಿಕೊಂಡೆ. ನೀನು ಕಾಗದದಲ್ಲಿ ಬರೆದ ಮಾತು ನನ್ನ ಬಾಯಿಗೆ ಬರಲಿಲ್ಲ. “ಎದೇಲಿ ಒಂದ್ ತೊಂದ್ರೆ ಐತೆ” ಎಂದೆ. ಮನುಷ್ಯ ಬೆಳ್ಳಗಾಗಿಬಿಟ್ಟ. ಅವರ ಅಪ್ಪ ಎದೆ ಹಿಡಿದುಕೊಂಡೇ ಹೋದದ್ದು ನಿನಗೆ ಗೊತ್ತಲ್ಲ. ಕಡಲೆಕಾಯಿ ಕೀಳುವ ಆಳುಗಳನ್ನು ಹೊಲದಲ್ಲೇ ಬಿಟ್ಟು ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಒಂದು ಕ್ಲಿನಿಕ್ಕಿಗೆ ಹೋದ. ಅಲ್ಲಿ ನಾನು ಬಾಯಿ ಬಿಡುವ ಮುಂಚೆ ತಾನೇ “ನೆಂಜು ವಲಿ, ನೆಂಜು ವಲಿ” ಎಂದು ತಮಿಳಿನಲ್ಲಿ ಎದೆನೋವಿನ ಕೂಗು ಹಾಕಿದ. ಮಲಗಿಸಿ, ಎದೆಗೆಲ್ಲ ವೈರು ಅಂಟಿಸಿದರು. ಅಂಟಿಸುವ ಹುಡುಗಿಗೆ ಕಂಡುಬಿಟ್ಟರೆ ಸಾಕು, ನಾನು ಹೇಳುವುದು ತಪ್ಪುತ್ತದೆ ಎಂದು ಕಾದೆ. ಅವಳ ಕಣ್ಣೆಲ್ಲ ಮಿಷನ್ನಿನ ಮೇಲೆ. ಉದ್ದದ ಕಾಗದ ಬಂತು. ಹಾರ್ಟು ಚೆನ್ನಾಗಿದೆ ಎಂದರು.

ಬರುವಾಗ ಭಾವ ಖುಷಿಗೆ ಬೈಕ್ ನಿಲ್ಲಿಸಿ ಬೋಂಡ ಕೊಡಿಸಿದ. “ಎದ್ರುಸ್ಬುಟ್ಟಲ್ಲೇ” ಎಂದು ನಕ್ಕ. ಮದುವೆಯಾದ ಮೇಲೆ ನನಗಾಗಿ ಅಷ್ಟು ಹೆದರಿದ್ದನ್ನು ಅವತ್ತೇ ನೋಡಿದ್ದು. ಆ ಮುಖ ನೋಡಿಕೊಂಡು ಅದಲ್ಲ, ಇದು ಎಂದು ಹೇಗೆ ಹೇಳಲಿ? ಬೋಂಡ ತಿಂದೆ.

ಮಾರನೆಯ ವಾರ ಸಂತೆಗೆಂದು ಹೇಳಿ ಒಬ್ಬಳೇ ಒಂದು ಕಡೆ ಲೇಡಿ ನರ್ಸ್ ಹತ್ತಿರ ಹೋದೆ. ಎದೆ ಎಂದರೆ ಮತ್ತೆ ವೈರು ಹಾಕುತ್ತಾರೆ ಎಂದು ಈ ಸಲ ‘ಡಿಸ್ಚಾರ್ಜ್’ ಎಂದೆ. ಕಾರ್ತಿಕಾಳ ಪುಸ್ತಕದ ಮಾತು ಅದು, ಮರ್ಯಾದೆಯಾಗಿರುತ್ತದೆ ಎಂದುಕೊಂಡೆ. ಅವರು ತಲೆ ಎತ್ತದೆ “ವೆಳ್ಳೆಯಾ?” ಎಂದರು. ಬಿಳಿಯಲ್ಲ, ಕೆಂಪು ಎಂದೆ. ವಯಸ್ಸು ಕೇಳಿದರು. ನಲವತ್ತೊಂಬತ್ತು ಎಂದೆ. ಮುಟ್ಟು ನಿಲ್ಲುವ ಕಾಲಕ್ಕೆ ಹಾಗೇ ಎಂದು ಹದಿನಾಲ್ಕು ಮಾತ್ರೆ ಕಟ್ಟಿಕೊಟ್ಟರು. ಸೊಂಟದಿಂದ ಮೇಲೆ ಯಾರೂ ನನ್ನನ್ನು ಕೇಳಲಿಲ್ಲ.

ಇದು ಶುರುವಾದದ್ದು ಯುಗಾದಿಯ ವಾರ. ನೋವಿಲ್ಲ, ವಾಣಿ. ನೋವಿದ್ದಿದ್ದರೆ ಅಯ್ಯೋ ಎನ್ನಬಹುದಿತ್ತು, ಯಾರಾದರೂ ಏನು ಎಂದು ಕೇಳುತ್ತಿದ್ದರು. ಇದು ಸದ್ದಿಲ್ಲದೆ ಬರುತ್ತದೆ. ಬಟ್ಟೆ ಮಡಿಸಿ ಇಟ್ಟುಕೊಳ್ಳುತ್ತೇನೆ, ಎಲ್ಲರಿಗಿಂತ ಮುಂಚೆ ಎದ್ದು ತೊಳೆದು, ಒಣಗುವಾಗ ಅದರ ಮೇಲೆ ಟವಲು ಹಾಕುತ್ತೇನೆ. ಅತ್ತೆ, ಗಂಡ, ಮೈದುನನ ಸಂಸಾರ, ಕೂಲಿಯವರು, ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಈ ಒಂದು ಮಾತು ಹೇಳುವುದಕ್ಕೆ ಒಬ್ಬರೂ ಇಲ್ಲ. ಮಾಲಾ ಇದ್ದಿದ್ದರೆ ಅವಳಿಗೆ ಹೇಳುತ್ತಿದ್ದೆ.

ನಿನ್ನ ಕಾಗದ ಹರಿಯಲಿಲ್ಲ. ಅಕ್ಕಿ ಡಬ್ಬದಲ್ಲಿದೆ.

ಸಪ್ಪಲಮ್ಮ


ಅದಿಯಮಾನ್‌ಕೋಟೆ
21 ಅಕ್ಟೋಬರ್ 2023

ಅಕ್ಕ,

ಬೋಂಡದ ಮಾತಿಗೆ ನಕ್ಕೆ, ಆಮೇಲೆ ಅತ್ತೆ. ಅಂಗಡಿಯಲ್ಲಿ ಇದ್ದವರು ಸೂಜಿ ಚುಚ್ಚಿತೇ ಎಂದು ಕೇಳಿದರು. ಹೌದೆಂದೆ.

ಇದರೊಳಗೆ ಇನ್ನೊಂದು ಚೀಟಿ ಇದೆ. ಅದು ತಮಿಳಿನಲ್ಲಿದೆ, ನಿನಗಲ್ಲ, ಡಾಕ್ಟರಿಗೆ. ಅದರಲ್ಲಿ ಬರೆದಿರುವುದು ಇಷ್ಟು: ‘ಎಡ ಮೊಲೆತೊಟ್ಟಿನಿಂದ ರಕ್ತ ಬರುತ್ತಿದೆ. ಹಿಂಡದಿದ್ದರೂ ತಾನಾಗಿ ಬರುತ್ತದೆ. ಬಲಗಡೆ ಇಲ್ಲ. ಏಳು ತಿಂಗಳಾಯಿತು. ನೋವಿಲ್ಲ. ನನ್ನ ಸ್ವಂತ ತಂಗಿ ಮೂವತ್ತೆಂಟನೆಯ ವಯಸ್ಸಿಗೆ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಳು. ಇದು ಹೃದಯದ ತೊಂದರೆಯಲ್ಲ, ಬಿಳಿ ಹೋಗುವುದೂ ಅಲ್ಲ.’ ಕಡೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ನೀನು ಎದೆ ಎನ್ನಬೇಡ, ಡಿಸ್ಚಾರ್ಜ್ ಎನ್ನಬೇಡ, ಏನೂ ಎನ್ನಬೇಡ. ಚೀಟಿ ಕೊಡು, ಸಾಕು. ನುಂಗುವ ಮಾತ್ರೆ ಯಾವುದಾದರೂ ಇದ್ದರೆ ಅದರ ಪಟ್ಟಿಯನ್ನೂ ತೆಗೆದುಕೊಂಡು ಹೋಗು, ಕೇಳುತ್ತಾರಂತೆ.

ತೆಳು ಹತ್ತಿಯ ಮಲ್ ಬಟ್ಟೆಯ ಬಿಳಿ ತುಂಡು ಎರಡು ಇಟ್ಟಿದ್ದೇನೆ, ಅಂಚು ಮಡಿಸಿ ಹೊಲಿದಿದ್ದೇನೆ. ಒಂದು ದಿನ ಒಂದನ್ನು ಒಳಗಿಟ್ಟುಕೊಂಡು, ತೊಳೆಯದೆ ಹಾಗೇ ಒಯ್ಯಿ. ಬಣ್ಣ ಅವರೇ ನೋಡಲಿ. ಬಂತೋ ಇಲ್ಲವೋ ಎಂದು ನೀನು ಹಿಂಡಿ ಹಿಂಡಿ ನೋಡಬೇಡ ಎಂದು ನರ್ಸಮ್ಮ ಹೇಳಿದ್ದಾರೆ.

ಊರ ಕ್ಲಿನಿಕ್ಕು ಸಾಕು. ಸೇಲಂ ದೊಡ್ಡಾಸ್ಪತ್ರೆಗೆ ಹೋಗು. ದಿನ ಯಾವುದು ಎಂದು ಬರೆದರೆ ನಾನು ತೊಪ್ಪೂರು ದಾಟಿ ಬಂದು ಹೊಸ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ನಿನ್ನ ಜೊತೆ ಮಾತಾಡುವುದಿಲ್ಲ, ಬೇಕಾದರೆ. ಚೀಲ ಹಿಡಿದುಕೊಂಡು ಹಿಂದೆ ಬರುತ್ತೇನೆ ಅಷ್ಟೆ.

ವಾಣಿ


ಕೊಳತ್ತೂರು
9 ನವೆಂಬರ್ 2023

ವಾಣಿ,

ಹೋಗಿ ಬಂದೆ. ನಿನಗೆ ದಿನ ಬರೆಯಲಿಲ್ಲ. ಆದರೂ ಸೇಲಂ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಧರ್ಮಪುರಿ ಬಸ್ಸು ನಿಲ್ಲುವ ಕಡೆ ತಿರುಗಿ ನೋಡಿದೆ. ಹೇಳದೆ ಹೋದರೆ ನೀನು ಹೇಗೆ ಬರುತ್ತೀಯ, ನನ್ನ ಬುದ್ಧಿಗೆ ಏನನ್ನಬೇಕು.

ಭಾವನೂ ಬಂದಿದ್ದ. ಕೊನೆಗೆ ಅವನಿಗೂ ನಿನ್ನ ಚೀಟಿಯನ್ನೇ ಕೊಟ್ಟೆ. ಎರಡು ಸಲ ಓದಿದ. “ಎದೆ ಅಂದ್ಯಲ್ಲಾ, ನಾನ್ ಆರ್ಟು ಅಂದ್ಕಂಡೆ” ಎಂದು ತಲೆ ತಗ್ಗಿಸಿದ. ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ಹೊರಗೆ ಬೇವಿನ ಮರದ ಕೆಳಗೆ ಬೆಳಿಗ್ಗೆಯಿಂದ ಸಂಜೆವರೆಗೆ ಚಪ್ಪಲಿ ಬಿಟ್ಟು ಕೂತಿದ್ದ, ಸಾವಿನ ಮನೆಯಲ್ಲಿ ಕೂರುವ ಹಾಗೆ.

ಡಾಕ್ಟರು ಹೆಂಗಸು. ಚೀಟಿ ಓದಿ ಇದನ್ನು ಯಾರು ಬರೆದರು ಎಂದು ತಮಿಳಿನಲ್ಲಿ ಕೇಳಿದರು. ನಮ್ಮ ಟೈಲರು ಎಂದೆ. ಕನ್ನಡಕ ತೆಗೆದು ನಕ್ಕರು. ‘ನಾನು ಕೇಳಬೇಕಾದ್ದನ್ನೆಲ್ಲ ಅವರೇ ಬರೆದಿದ್ದಾರೆ’ ಎಂದರು. ಬಿಳಿ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

ಆಮೇಲೆ ಮಲಗಿಸಿ, ಎರಡೂ ಕಡೆ, ಕಂಕುಳಲ್ಲಿ ಕೂಡ, ನಿಧಾನವಾಗಿ ತಡವಿದರು. ಗಂಟು ಕೈಗೆ ಸಿಗಲಿಲ್ಲವಂತೆ. ಆಮೇಲೆ ತೊಟ್ಟಿನ ಸುತ್ತ ಒಂದೇ ಬೆರಳಿನಿಂದ, ಗಡಿಯಾರದ ಮುಳ್ಳು ಸುತ್ತುವ ಹಾಗೆ, ಒಂದೊಂದು ಕಡೆ ಒತ್ತುತ್ತ ಹೋದರು. ಹನ್ನೆರಡಕ್ಕೆ ಇಲ್ಲ, ಒಂದಕ್ಕೆ ಇಲ್ಲ, ಎರಡಕ್ಕೆ ಇಲ್ಲ. ನಾಲ್ಕು ಗಂಟೆಯ ಜಾಗಕ್ಕೆ ಬಂದಾಗ ಒಂದು ಹನಿ ಬಂತು. ತೊಟ್ಟಿನಲ್ಲಿ ಹಾಲು ಬರುವ ಕಣ್ಣುಗಳು ಹತ್ತು ಹದಿನೈದು ಇರುತ್ತವಂತೆ, ನನಗೆ ಒಂದೇ ಒಂದರಿಂದ ಬರುತ್ತಿದೆಯಂತೆ. ಆ ಹನಿಯನ್ನು ಗಾಜಿನ ಚೂರಿಗೆ ಒತ್ತಿಕೊಂಡರು. ಇದರಲ್ಲಿ ಏನೂ ಕಾಣದಿದ್ದರೂ ಏನೂ ಇಲ್ಲ ಎಂದು ಅರ್ಥವಲ್ಲ, ಫೋಟೋ ತೆಗೆಯಲೇಬೇಕು ಎಂದರು.

ಫೋಟೋ ಎಂದರೆ ಮ್ಯಾಮೋಗ್ರಾಮು. ಎರಡು ಹಲಗೆಯ ನಡುವೆ ಇಟ್ಟು ಹಪ್ಪಳ ಒತ್ತುವ ಹಾಗೆ ಒತ್ತುತ್ತಾರೆ. ಉಸಿರು ಬಿಗಿ ಹಿಡಿ ಎಂದರು. ನಾನು ಯುಗಾದಿಯಿಂದ ಹಿಡಿದೇ ಇದ್ದೇನೆ. ಅದರಲ್ಲಿ ಸರಿಯಾಗಿ ಕಾಣಲಿಲ್ಲ. ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದಾಗ ಕಂಡಿತು. ಹಾಲಿನ ನಾಳದ ಒಳಗೆ ಆರು ಮಿಲಿಮೀಟರಿನ ಒಂದು ಮೊಳಕೆ. ಸೂಜಿ ಹಾಕಿ ದಾರದ ಎಳೆಯಷ್ಟು ತೆಗೆದಿದ್ದಾರೆ. ಹೆಚ್ಚಾಗಿ ಇದು ಕೆಟ್ಟದ್ದಾಗಿರುವುದಿಲ್ಲ, ಆದರೆ ಪೂರ್ತಿ ತೆಗೆದು ಪರೀಕ್ಷೆ ಮಾಡದೆ ಮಾತು ಕೊಡುವುದಿಲ್ಲ ಎಂದರು. ಆ ಒಂದು ನಾಳವನ್ನು ಆಪರೇಷನ್ ಮಾಡಿ ತೆಗೆಯಬೇಕು.

ಇನ್ನೊಂದು ಮಾತು ಬರೆಯಬೇಕು. ಮಾಲಾಳ ಕಥೆಯೆಲ್ಲ ಕೇಳಿಕೊಂಡು, ನಿಮ್ಮ ತಂಗಿ ಯಾಕೆ ಅಷ್ಟು ತಡವಾಗಿ ಆಸ್ಪತ್ರೆಗೆ ಬಂದರು ಎಂದು ಡಾಕ್ಟರು ಕೇಳಿದರು. ಗೊತ್ತಿದ್ದವರು ಹೇಳಲಿಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂತು. ಆರು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದಿದ್ದೇನಲ್ಲ. ಆದರೆ ಅಲ್ಲಿ ಮಲಗಿದ್ದವಳು ನಾನು. ಏಳು ತಿಂಗಳು ಗಂಡನಿಗೆ ಹೇಳಿಲ್ಲ, ಮಗಳಿಗೆ ಹೇಳಿಲ್ಲ. ಮಾಲಾ ನಿನಗಾದರೂ ಹೇಳಿದ್ದಳು.

ಅಳು ಬಂತು.

ಸಪ್ಪಲಮ್ಮ


ಅದಿಯಮಾನ್‌ಕೋಟೆ
20 ನವೆಂಬರ್ 2023

ಅಕ್ಕ,

ನಿನ್ನ ಕಾಗದ ಹಬ್ಬದ ಮಾರನೆಯ ದಿನ ಬಂತು. ಆಪರೇಷನ್ ಯಾವತ್ತು ಎಂದು ಬರೆದಿಲ್ಲ. ಸೂಜಿಯ ರಿಪೋರ್ಟು ಏನಾಯಿತು?

ಸೀರೆಯ ರವಿಕೆಯನ್ನು ಹೊಲಿದೆ. ಅದರ ಜೊತೆಗೆ ಎರಡು ಹತ್ತಿಯ ರವಿಕೆ, ಸಡಿಲವಾಗಿ, ಒಳಗೆ ಹೊಲಿಗೆ ಮೈಗೆ ಚುಚ್ಚದ ಹಾಗೆ. ಆಪರೇಷನ್ ಆದ ಮೇಲೆ ಕಟ್ಟಿನ ಮೇಲೆ ಹಾಕಿಕೊಳ್ಳುವುದಕ್ಕೆ. ಕಾರ್ತಿಕಾ ಬಂದು ತೆಗೆದುಕೊಂಡು ಹೋದಳು. ಅಮ್ಮ ಹೇಗಿದ್ದಾರೆ ಎಂದೆ. “ಸೂಪರಾಗವ್ರೆ” ಎಂದಳು. ನೀನು ಅವಳಿಗೆ ಹೇಳಿಲ್ಲ ಎಂದು ಗೊತ್ತಾಯಿತು. ನಾನೂ ಸುಮ್ಮನಾದೆ. ಮತ್ತೆ ಸುಮ್ಮನಾದೆ, ನೋಡು. ಅವಳಿಗೆ ಹೇಳು. ಅವಳೂ ಹೆಣ್ಣು, ಅವಳ ಚಿಕ್ಕಮ್ಮನದೂ ಅಮ್ಮನದೂ ಅವಳು ತಿಳಿದಿರಬೇಕು.

ವಾಣಿ


ಅದಿಯಮಾನ್‌ಕೋಟೆ
23 ಡಿಸೆಂಬರ್ 2023

ಅಕ್ಕ,

ತಿಂಗಳು ಕಳೆಯಿತು. ಪೋಸ್ಟಿನವನು ಬೀದಿಯ ತಿರುವಿಗೆ ಬಂದ ಕೂಡಲೇ ಮಿಷನ್ ನಿಲ್ಲಿಸುತ್ತೇನೆ. ಅವನಿಗೂ ಬೇಜಾರಾಗಿದೆ, ದೂರದಿಂದಲೇ ಕೈ ಅಲ್ಲಾಡಿಸಿಬಿಡುತ್ತಾನೆ.

ನಮ್ಮ ಮನೆಯವರು ತಿರುಪೂರಿಗೆ ಹೋಗಿ ಅಲ್ಲೇ ಬೇರೆ ಸಂಸಾರ ಮಾಡಿಕೊಂಡು ಹನ್ನೊಂದು ವರ್ಷವಾಯಿತು. ಅದು ಅಭ್ಯಾಸವಾಗಿದೆ. ದಿನಕ್ಕೆ ಹತ್ತು ಹೆಂಗಸರ ಭುಜ, ಸೊಂಟ, ಎದೆ ಹಿಡಿದು ಅಳೆಯುತ್ತೇನೆ. ನನ್ನ ಭುಜದ ಮೇಲೆ ಒಬ್ಬರು ಕೈಯಿಟ್ಟು ಎಷ್ಟು ಕಾಲವಾಯಿತೋ ಲೆಕ್ಕವಿಲ್ಲ. ಅದೂ ಅಭ್ಯಾಸವಾಗಿದೆ. ನೀನು ಮತ್ತೆ ಕಾಗದ ಬರೆಯಲು ಶುರು ಮಾಡಿ ನಿಲ್ಲಿಸಿದ್ದು ಮಾತ್ರ ಅಭ್ಯಾಸವಾಗುತ್ತಿಲ್ಲ.

ರಿಪೋರ್ಟು ಕೆಟ್ಟದ್ದಾಗಿದ್ದರೂ ಬರೆ. ನನ್ನ ಮೇಲಿನ ಕೋಪ ತಿರುಗಿ ಬಂದಿದ್ದರೆ ಅದನ್ನೂ ಬರೆ. ಏನೂ ಬೇಡವೆಂದರೆ ಖಾಲಿ ಕವರಿನಲ್ಲಿ ಒಂದು ಚೂರು ಬಟ್ಟೆ ಹಾಕಿ ಕಳಿಸು, ನಾನು ತಿರುಗಿಸಿ ನೋಡಿ ತಿಳಿದುಕೊಳ್ಳುತ್ತೇನೆ.

ವಾಣಿ


ಕೊಳತ್ತೂರು
8 ಜನವರಿ 2024

ವಾಣಿ,

ಕೋಪವಲ್ಲ ಕಣೇ. ಬಲಗೈಗೇನೂ ಆಗಿರಲಿಲ್ಲ, ಮನಸ್ಸು ಬರೆಯುತ್ತಿರಲಿಲ್ಲ. ರಿಪೋರ್ಟು ಬರದೆ ನಿನಗೆ ಬರೆಯುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೆ. ಮೊನ್ನೆ ಬಂತು.

ಆಪರೇಷನ್ ಆದದ್ದು ಡಿಸೆಂಬರ್ ಹನ್ನೆರಡಕ್ಕೆ. ತೊಟ್ಟಿನ ಅಂಚಿನಲ್ಲಿ ಕೊಯ್ದು ಆ ನಾಳವನ್ನು ತೆಗೆದರು. ಮಾರನೆಯ ಬೆಳಿಗ್ಗೆ ನರ್ಸು ಬಂದು ಬಾಗಿಲಿಂದಲೇ “ಸಪ್ಪಲಮ್ಮಾ, ಡಿಸ್ಚಾರ್ಜ್!” ಎಂದು ಕೂಗಿದಳು. ನನ್ನ ಜೀವ ಹಾರಿಹೋಯಿತು. ಇನ್ನೂ ನಿಂತಿಲ್ಲವೇ ಎಂದು ಸೆರಗೆತ್ತಿ ಕಟ್ಟು ಬಿಚ್ಚಿ ನೋಡಲು ಹೋದೆ. ಮನೆಗೆ ಹೋಗಮ್ಮಾ ಎಂದು ಅರ್ಥ ಎಂದು ಪಕ್ಕದ ಮಂಚದವಳು ಹೇಳಿದಾಗ ವಾರ್ಡೇ ನಕ್ಕಿತು. ಎಷ್ಟೋ ತಿಂಗಳ ಮೇಲೆ ನಾನೂ ಹೊಲಿಗೆ ಎಳೆಯುವಷ್ಟು ನಕ್ಕೆ.

ಕ್ಯಾನ್ಸರಲ್ಲ. ನಾಳದೊಳಗೆ ಬೆಳೆದ ಸಾಧು ಗೆಡ್ಡೆಯಂತೆ, ಪೂರ್ತಿ ಬಂದಿದೆ. ಆದರೆ ತಂಗಿಗೆ ಬಂದಿತ್ತಲ್ಲ, ಅದಕ್ಕೆ ವರ್ಷಕ್ಕೊಂದು ಸಲ ಫೋಟೋ ತೆಗೆಸಬೇಕು. ಕಾರ್ತಿಕಾಳಿಗೆ ಎಲ್ಲ ಹೇಳಿದೆ. “ನನ್ಗ್ಯಾಕಮ್ಮ ಏಳ್ನಿಲ್ಲ?” ಎಂದು ಎರಡು ದಿನ ಮಾತಾಡಲಿಲ್ಲ. ನಾನು ನಿನ್ನನ್ನು ಕೇಳಿದ ಪ್ರಶ್ನೆ ತಿರುಗಿ ನನ್ನ ಬಾಗಿಲಿಗೇ ಬಂತು.

ಅವಳ ಮೇಲೆ ಇನ್ನೊಂದು ಅಪವಾದ ಇದೆ, ಅದನ್ನೂ ತೆಗೆದುಬಿಡುತ್ತೇನೆ. ಕಾರ್ತಿಕಾ ಒಗೆಯುವ ಬಟ್ಟೆಯೊಳಗಿಂದ ರವಿಕೆ ಎಳೆದುಕೊಂಡು ಬಂದಿರಬೇಕು ಎಂದು ಬರೆದಿದ್ದೆಯಲ್ಲ. ಅವಳು ಎಳೆಯಲಿಲ್ಲ. ನಾನು ಕೊಟ್ಟೆ. ಬೀರುವಿನಲ್ಲಿ ಇಸ್ತ್ರಿ ಮಾಡಿದ ರವಿಕೆ ಮೂರು ಇದ್ದವು. ಅವತ್ತು ಬೆಳಿಗ್ಗೆ ಮೈಮೇಲಿಂದ ಬಿಚ್ಚಿದ್ದನ್ನು ಮಡಿಸಿ ಸೀರೆಯ ಕೆಳಗೆ ಇಟ್ಟೆ. ಮೇಟೂರಿನಲ್ಲಿ ಟೈಲರಿಗೆ ಬರವಿಲ್ಲ, ವಾಣಿ. ಅವರು ಮೇಲಿಂದ ಟೇಪು ಹಿಡಿದು ಪಕ್ಕಕ್ಕೆ ಎಸೆಯುತ್ತಾರೆ. ಒಳಮಗ್ಗುಲು ತಿರುಗಿಸಿ ನೋಡುವವಳು ನನಗೆ ಗೊತ್ತಿದ್ದ ಹಾಗೆ ನೀನೊಬ್ಬಳೇ.

ಹೇಳುವುದಕ್ಕೆ ಬಾಯಿಲ್ಲದೆ ಹಾಗೆ ಹೇಳಿದೆ. ನೀನು ನೋಡಿಯೂ ಸುಮ್ಮನೆ ಹೊಲಿದು ಕೊಟ್ಟಿದ್ದರೆ, ನಾನು ನಿನ್ನನ್ನು ಬೈದದ್ದು ಸರಿಯಾಗಿತ್ತು ಎಂದುಕೊಂಡು ನಾನೂ ಸುಮ್ಮನೆ ಇದ್ದುಬಿಡುವುದು, ಆದದ್ದಾಗಲಿ ಎಂದಿದ್ದೆ. ದಿನಾ ಎಣಿಸಿದೆ. ಎಂಟನೆಯ ದಿನ ನಿನ್ನ ಕಾಗದ ಬಂತು. ತುಕ್ಕು ಎಂದು ಬರೆದದ್ದು ಹೆದರಿಕೆಗೆ.

ಆ ಹಸಿರು ರವಿಕೆ ನಿನ್ನ ಹತ್ತಿರವೇ ಇದೆ. ಒರೆಸುವ ಬಟ್ಟೆ ಮಾಡಿಕೋ. ಅದರ ಅಳತೆ ಇನ್ನು ಬರುವುದಿಲ್ಲ, ಎಡಗಡೆ ಒಂದು ಬೆರಳು ಕಡಿಮೆಯಾಗಿದೆ. ಪೊಂಗಲ್ ಮುಗಿದ ಮೇಲೆ ಬರುವ ಬುಧವಾರ ಮೇಟೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಈ ಸಲ ದಿನ ಹೇಳಿದ್ದೇನೆ, ನೋಡಿಕೋ.

ಟೇಪು ತಗೊಂಡು ಬಾ.

ನಿನ್ನ ಸಪ್ಪಲಕ್ಕ